ನಿಂತಲ್ಲೇ ಸವೆಯುವ ಮನೆಗಾಡಿ

ಏಪ್ರಿಲ್ ತಿಂಗಳ ಮೊದಲ ವಾರ. ದಕ್ಷಿಣ ಜರ್ಮನಿಯ ಒಂದು ಮನೆಯ ಹಿತ್ತಿಲಲ್ಲಿ ಚಳಿಗಾಲವಿಡೀ ನಿಂತಿದ್ದ ಮೋಟರ್‌ಹೋಮ್ ಈಸ್ಟರ್ ರಜೆಗೆ ಹೊರಟಿದೆ ಎಂದುಕೊಳ್ಳಿ. ಒಳಗೆ ದೀಪ ಹತ್ತುತ್ತದೆ, ಫ್ರಿಜ್ಜಿನಲ್ಲಿ ಹಾಲು ತಣ್ಣಗಿದೆ, ನಲ್ಲಿ ತಿರುಗಿಸಿದರೆ ಪುಟ್ಟ ಪಂಪು ಗುರ್ರೆಂದು ನೀರು ಎತ್ತುತ್ತದೆ. ಮನೆ ಸಜ್ಜಾಗಿದೆ; ಗಾಡಿ ಮಾತ್ರ ಏಳುವುದಿಲ್ಲ. ಕೀ ತಿರುಗಿಸಿದರೆ ಬಾನೆಟ್ಟಿನ ಕೆಳಗಿನಿಂದ ಕಟಕಟಕಟ ಎಂಬ ಸದ್ದು, ಅಷ್ಟೆ. ಆ ಸದ್ದಿನೊಳಗೆ ಏನು ನಡೆಯುತ್ತಿದೆ ಎಂದು ನೋಡಬೇಕು. ಸ್ಟಾರ್ಟರ್ ಮೋಟರಿಗೆ ನೂರಾರು ಆಂಪಿಯರ್ ವಿದ್ಯುತ್ ಬೇಕು. ಅದನ್ನು ಹಾಯಿಸುವ ಸ್ವಿಚ್ಚನ್ನು ಎಳೆದು ಕೂರಿಸಲು ಸೊಲೆನಾಯ್ಡ್ ಎಂಬ ವಿದ್ಯುತ್ಕಾಂತ ಇರುತ್ತದೆ. ಸೊರಗಿದ ಬ್ಯಾಟರಿಗೂ ಸೊಲೆನಾಯ್ಡನ್ನು ಎಳೆಯುವಷ್ಟು ತ್ರಾಣ ಉಳಿದಿರುತ್ತದೆ. ಸ್ವಿಚ್ಚು ಕೂತ ತಕ್ಷಣ ಮೋಟರ್ ತನ್ನ ಪಾಲು ಕೇಳುತ್ತದೆ, ವೋಲ್ಟೇಜ್ ಕುಸಿಯುತ್ತದೆ, ಸೊಲೆನಾಯ್ಡ್ ಹಿಡಿತ ಬಿಡುತ್ತದೆ. ಬಿಟ್ಟ ಕೂಡಲೇ ವೋಲ್ಟೇಜ್ ಚೇತರಿಸಿಕೊಂಡು ಮತ್ತೆ ಎಳೆಯುತ್ತದೆ. ಸೆಕೆಂಡಿಗೆ ಹಲವು ಸಲ ನಡೆಯುವ ಈ ಹಗ್ಗಜಗ್ಗಾಟವೇ ಆ ಕಟಕಟ. ದೀಪ ಹತ್ತಿದ್ದರಲ್ಲಿ ಅಚ್ಚರಿಯಿಲ್ಲ. ಮೋಟರ್‌ಹೋಮಿನಲ್ಲಿ ಬ್ಯಾಟರಿಗಳು ಎರಡು ಬಗೆ: ಇಂಜಿನ್ನಿಗೆ ಒಂದು, ಮನೆಗೆ ಒಂದು. ಹಿತ್ತಿಲಿನ ಪ್ಲಗ್ಗಿಗೆ ಸಿಕ್ಕಿಸಿ ಇಟ್ಟಿದ್ದರೂ ಹಳೆಯ ಗಾಡಿಗಳ ಚಾರ್ಜರು ಹಲವೊಮ್ಮೆ ಮನೆಯ ಬ್ಯಾಟರಿಯನ್ನಷ್ಟೇ ಸಾಕುತ್ತದೆ.

ರಸ್ತೆ ಬದಿಯಲ್ಲಿ ಕೆಟ್ಟು ನಿಂತ ಗಾಡಿ ಕಂಡರೆ ನಾವು ಓಟವನ್ನು ದೂರುತ್ತೇವೆ. ಬಹಳ ಓಡಿಸಿದ್ದಾರೆ, ಬಿಸಿಯೇರಿದೆ, ಇಂಜಿನ್ ಸವೆದಿದೆ ಎನ್ನುತ್ತೇವೆ. ದಿನಕ್ಕೆ ಐನೂರು ಕಿಲೋಮೀಟರ್ ಓಡುವ ಲಾರಿಯ ಮಟ್ಟಿಗೆ ಆ ಮಾತು ಸರಿ. ಮೋಟರ್‌ಹೋಮಿನ ಮಟ್ಟಿಗೆ ಅದು ಹೆಚ್ಚಾಗಿ ತಪ್ಪು. ಈ ಗಾಡಿ ದಾರಿಯಲ್ಲಿ ಕೈಕೊಟ್ಟರೂ ಅದರ ಕಾಯಿಲೆ ಶುರುವಾಗಿರುವುದು ನಿಂತಿದ್ದ ತಿಂಗಳುಗಳಲ್ಲಿ. ಓಡಿದ ದೂರವನ್ನು ಎಣಿಸಲು ಮೀಟರ್ ಇದೆ, ನಿಂತ ದಿನಗಳನ್ನು ಎಣಿಸಲು ಇಲ್ಲ. ಹಾಗಾಗಿಯೇ ಈ ಕಾಯಿಲೆ ಲೆಕ್ಕಕ್ಕೆ ಸಿಗುವುದಿಲ್ಲ.

ಲೆಕ್ಕ ಸಿಗುವ ಒಂದು ಜಾಗ ಇದೆ, ಅದು ಜರ್ಮನಿಯ ನಂಬರ್ ಪ್ಲೇಟು. ಅಲ್ಲಿ 1997ರಿಂದ ಗಾಡಿಯನ್ನು ವರ್ಷದ ಕೆಲವೇ ತಿಂಗಳಿಗೆ ನೋಂದಾಯಿಸುವ ಸೌಲಭ್ಯವಿದೆ. ಪ್ಲೇಟಿನ ಬಲತುದಿಯಲ್ಲಿ ಮೇಲೆ 04, ಕೆಳಗೆ 10 ಎಂದಿದ್ದರೆ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಮಾತ್ರ ಅದು ರಸ್ತೆಗೆ ಇಳಿಯಬಹುದು. ಉಳಿದ ದಿನ ಸಾರ್ವಜನಿಕ ರಸ್ತೆಯಲ್ಲಿ ಓಡಿಸುವುದಿರಲಿ, ನಿಲ್ಲಿಸುವಂತೆಯೂ ಇಲ್ಲ. ತೆರಿಗೆ, ವಿಮೆ ಉಳಿಯುತ್ತದೆಂದು ಮೋಟರ್‌ಹೋಮಿನವರಿಗೆ ಇದು ಬಹಳ ಇಷ್ಟ. ನವೆಂಬರ್‌ನಿಂದ ಮಾರ್ಚ್ ಕೊನೆಯವರೆಗೆ ಒಟ್ಟು 151 ದಿನ. ಕೀ ತೆಗೆದ ಮೇಲೂ ಅಲಾರಂ, ರೇಡಿಯೊದ ನೆನಪು, ಇಂಜಿನ್ನಿನ ಕಂಪ್ಯೂಟರು ಎಲ್ಲ ಸೇರಿ 50 ಮಿಲಿಆಂಪಿಯರ್ ಹೀರುತ್ತವೆ ಎಂದಿಟ್ಟುಕೊಳ್ಳಿ. ದಿನಕ್ಕೆ 1.2 ಆಂಪಿಯರ್-ಗಂಟೆ, 151 ದಿನಕ್ಕೆ 181. ಇಂಜಿನ್ ಬ್ಯಾಟರಿಯ ಒಟ್ಟು ಸಾಮರ್ಥ್ಯವೇ 95ರ ಆಸುಪಾಸು. ಕೂತು ತಿನ್ನುವವನಿಗೆ ಕುಡಿಕೆ ಹೊನ್ನು ಸಾಲದು ಎಂಬ ಗಾದೆಯನ್ನು ಬ್ಯಾಟರಿಯ ಮೇಲೆಯೇ ಬರೆಸಬಹುದು. ಖಾಲಿಯಾದ ಬ್ಯಾಟರಿಯನ್ನು ಮತ್ತೆ ತುಂಬಿದರೆ ಮುಗಿಯಿತಲ್ಲ ಎಂದರೆ, ಅಷ್ಟಕ್ಕೇ ಮುಗಿಯುವುದಿಲ್ಲ. ಸೀಸದ ಬ್ಯಾಟರಿ ವಿದ್ಯುತ್ ಕೊಡುವಾಗ ಅದರ ಫಲಕಗಳ ಮೇಲೆ ಸೀಸದ ಸಲ್ಫೇಟು ಕೂರುತ್ತದೆ. ಬೇಗ ಚಾರ್ಜ್ ಮಾಡಿದರೆ ಆ ಸಣ್ಣ ಹರಳುಗಳು ಕರಗಿ ಹೋಗುತ್ತವೆ. ವಾರಗಟ್ಟಲೆ ಬಿಟ್ಟರೆ ಹಳೆ ಬೆಲ್ಲದ ಹಾಗೆ ಗಟ್ಟಿಯಾಗಿ ಬೆಳೆದು ಫಲಕದ ಜಾಗವನ್ನೇ ನುಂಗುತ್ತವೆ. ಆಮೇಲೆ ರಾತ್ರಿಯಿಡೀ ಚಾರ್ಜರ್ ಹಾಕಿದರೂ ಬ್ಯಾಟರಿ ಮೊದಲಿನದಾಗುವುದಿಲ್ಲ.

1903ರಲ್ಲಿ ಹುಟ್ಟಿದ ಜರ್ಮನಿಯ ಎಡಿಎಸಿ ಎಂಬ ವಾಹನ ಸಂಘದ ಹಳದಿ ಗಾಡಿಗಳು ವರ್ಷಕ್ಕೆ 30 ಲಕ್ಷಕ್ಕೂ ಹೆಚ್ಚು ಕರೆಗಳಿಗೆ ಓಡುತ್ತವೆ. ಆ ಮೆಕ್ಯಾನಿಕ್‌ಗಳನ್ನು ಜನ ಹಳದಿ ದೇವದೂತರು ಎಂದೇ ಕರೆಯುವುದು. ಸಂಘ ಪ್ರತಿವರ್ಷ ಪ್ರಕಟಿಸುವ ಪಟ್ಟಿಯಲ್ಲಿ ಇತ್ತೀಚಿನ ವರ್ಷಗಳಲ್ಲೆಲ್ಲ ಶೇಕಡಾ 40ಕ್ಕಿಂತ ಹೆಚ್ಚು ಪ್ರಕರಣಗಳಿಗೆ ಸ್ಟಾರ್ಟರ್ ಬ್ಯಾಟರಿಯೇ ಕಾರಣ. ಇಂಜಿನ್, ಗೇರ್‌ಬಾಕ್ಸುಗಳ ಪಾಲು ಅದರ ಹತ್ತಿರವೂ ಬರುವುದಿಲ್ಲ. ಆ ಅಂಕಿ ಎಲ್ಲ ಬಗೆಯ ಕಾರುಗಳದ್ದು, ಮೋಟರ್‌ಹೋಮ್ ಒಂದರದ್ದೇ ಅಲ್ಲ ಎಂದು ಯಾರಾದರೂ ಹೇಳಿದರೆ ಒಪ್ಪಬೇಕು. ಆದರೆ ದಿನಾ ಆಫೀಸಿಗೆ ಓಡಾಡುವ ಕಾರುಗಳ ಕತೆಯೇ ಹೀಗಿದ್ದರೆ, ಐದು ತಿಂಗಳು ನಿಂತೇ ಇರುವ ಗಾಡಿಯದು ಇದಕ್ಕಿಂತ ಚೆನ್ನಾಗಿರಲು ಕಾರಣವೇನೂ ಕಾಣುವುದಿಲ್ಲ. 2020ರ ಲಾಕ್‌ಡೌನ್ ಸಡಿಲವಾದ ದಿನಗಳಲ್ಲಿ ಬೆಂಗಳೂರಿನ ಬ್ಯಾಟರಿ ಅಂಗಡಿಯವರಿಗೆ ಈ ಪಾಠವನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

ಟೈರಿನ ವಿಷಯ ಇನ್ನೂ ಸೂಕ್ಷ್ಮ. ಗಾಳಿಯಲ್ಲಿರುವ ಅಲ್ಪಸ್ವಲ್ಪ ಓಜೋನು ರಬ್ಬರಿನ ಅಣುಸರಪಳಿಯನ್ನು ಕತ್ತರಿಸುತ್ತದೆ; ಬಿಸಿಲು ಅದಕ್ಕೆ ಕೈಜೋಡಿಸುತ್ತದೆ. ತಯಾರಕರು ಇದಕ್ಕೆ ಮದ್ದಾಗಿ ರಬ್ಬರಿನೊಳಗೆ ಮೇಣವನ್ನೂ ಓಜೋನನ್ನು ತಡೆಯುವ ರಾಸಾಯನಿಕವನ್ನೂ ಬೆರೆಸಿರುತ್ತಾರೆ. ಟೈರು ಉರುಳುತ್ತ ಬಾಗಿ ಬಳುಕಿದಂತೆಲ್ಲ ಈ ಮದ್ದು ಒಳಗಿನಿಂದ ಮೇಲ್ಮೈಗೆ ಜಿನುಗಿ ತೆಳುವಾದ ಹೊದಿಕೆಯಾಗುತ್ತದೆ. ಮೈಗೆ ತಾನೇ ಎಣ್ಣೆ ಹಚ್ಚಿಕೊಳ್ಳುವ ಪ್ರಾಣಿಯ ಹಾಗೆ. ನಿಂತ ಟೈರಿಗೆ ಆ ಅಭ್ಯಂಜನ ಸರಿಯಾಗಿ ಆಗುವುದಿಲ್ಲ. ಮೇಲಾಗಿ ಮೂರೂವರೆ ಟನ್ ಭಾರ ತಿಂಗಳುಗಟ್ಟಲೆ ಅದೇ ಜಾಗದ ಮೇಲೆ ಕೂತಿರುತ್ತದೆ. ಎಳೆತಕ್ಕೆ ಸಿಕ್ಕಿದ ರಬ್ಬರಿನಲ್ಲೇ ಓಜೋನಿನ ಬಿರುಕು ಮೊದಲು ಬಾಯಿ ಬಿಡುವುದು. ಹೀಗೆ ಪಕ್ಕೆಯಲ್ಲಿ ಕೂದಲೆಳೆಯಂಥ ಬಿರುಕು ಬಿದ್ದ ಟೈರಿನ ತುಳಿಯುವ ಭಾಗದಲ್ಲಿ ಮಾತ್ರ ಪಟ್ಟಿಗಳೆಲ್ಲ ಹೊಸದರಂತೆ ಆಳವಾಗಿಯೇ ಇರುತ್ತವೆ. ಅದನ್ನು ನೋಡಿ ಮಾಲೀಕ ಮೋಸ ಹೋಗುತ್ತಾನೆ. ಟೈರಿನ ವಯಸ್ಸು ಗೊತ್ತಾಗುವುದು ಅದರ ಪಕ್ಕೆಯ ಮೇಲೆ ಅಚ್ಚಾದ ನಾಲ್ಕು ಅಂಕಿಯಿಂದ: 2316 ಎಂದಿದ್ದರೆ 2016ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ಈ ಅಂಕಿ ಹಲವು ಟೈರುಗಳಲ್ಲಿ ಒಂದೇ ಮಗ್ಗುಲಲ್ಲಿ ಇರುತ್ತದೆ, ಅದೂ ಒಳಮುಖವಾಗಿ ಕೂತಿದ್ದರೆ ಗಾಡಿಯಡಿ ನುಸುಳಿಯೇ ಓದಬೇಕು.

ಇಲ್ಲೊಂದು ಆಕ್ಷೇಪಕ್ಕೆ ಬಲವಿದೆ. ಟೈರು ಸಿಡಿಯುವುದಕ್ಕೆ ವಯಸ್ಸೊಂದೇ ಕಾರಣವೇ? ಭಾರ ಏನು ಮಾಡುತ್ತದೆ? ಯೂರೋಪಿನಲ್ಲಿ ಸಾಮಾನ್ಯ ಕಾರಿನ ಲೈಸೆನ್ಸಿನಲ್ಲಿ ಓಡಿಸಬೇಕೆಂದು ಹೆಚ್ಚಿನ ಮೋಟರ್‌ಹೋಮ್‌ಗಳನ್ನು 3,500 ಕಿಲೋ ಮಿತಿಯೊಳಗೆ ಕಟ್ಟುತ್ತಾರೆ. ಅಡುಗೆಮನೆ, ಬಚ್ಚಲು, ಮಂಚ ಎಲ್ಲ ಕೂರಿಸಿದ ಮೇಲೆ ಉಳಿಯುವುದು ಕೆಲವು ನೂರು ಕಿಲೋ. ನೂರು ಲೀಟರ್ ನೀರು ತುಂಬಿದರೆ ಅದರಲ್ಲಿ ನೂರು ಕಿಲೋ ಹೋಯಿತು. ಆಮೇಲೆ ಜನ, ಸೈಕಲ್ಲು, ಗ್ಯಾಸ್ ಸಿಲಿಂಡರು, ಪಾತ್ರೆಪಗಡ. ಮಿತಿ ಮೀರುವುದು ಬಹಳ ಸುಲಭ. ಕಾರಿನ ಟೈರಿಗೆ 33 ಪಿಎಸ್‌ಐ ಗಾಳಿ ಸಾಕಾದರೆ ಇದರ ಹಿಂದಿನ ಟೈರಿಗೆ 80ರವರೆಗೂ ಬೇಕಾಗುತ್ತದೆ. ಗಾಳಿ ಕಡಿಮೆಯಿದ್ದರೆ ಪಕ್ಕೆ ಹೆಚ್ಚು ಬಾಗುತ್ತದೆ, ಬಾಗಿದಷ್ಟೂ ಬಿಸಿಯಾಗುತ್ತದೆ. ಆದ್ದರಿಂದ ಭಾರವನ್ನು ನಿರಪರಾಧಿ ಎನ್ನಲಾಗದು. ಆದರೂ ಹೊಸ ಟೈರು ತಾಳಿಕೊಳ್ಳುವ ಭಾರವನ್ನೇ ಬಿರುಕು ಬಿಟ್ಟ ಟೈರು ತಾಳಲಾರದು. ಗಾಳಿ ಇಳಿದಿರುವುದೂ ಬಹುಪಾಲು ನಿಂತಿದ್ದಾಗಲೇ.

ಇಳಿಜಾರಿನಲ್ಲಿ ಬ್ರೇಕ್ ಹಿಡಿಯದೆ ಹೋಗುವುದಂತೂ ಓಟದ್ದೇ ತಪ್ಪು ಎಂದು ವಾದಿಸಬಹುದು. ನೋಡೋಣ. ಇಟಲಿಯ ಆಲ್ಪ್ಸ್‌ನಲ್ಲಿರುವ ಸ್ಟೆಲ್ವಿಯೊ ಕಣಿವೆದಾರಿ 2,757 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಪ್ರಾತೊ ಊರಿನ ಕಡೆಗೆ 48 ಹೇರ್‌ಪಿನ್ ತಿರುವುಗಳಲ್ಲಿ ಸುಮಾರು 1,850 ಮೀಟರ್ ಇಳಿಯಬೇಕು. ಮೂರೂವರೆ ಟನ್ನಿನ ಗಾಡಿ ಅಷ್ಟು ಇಳಿದಾಗ ಕಳೆದುಕೊಳ್ಳುವ ಶಕ್ತಿ 6.3 ಕೋಟಿ ಜೂಲ್. ಎರಡು ದೊಡ್ಡ ಹಂಡೆ ತಣ್ಣೀರನ್ನು, ಅಂದರೆ ಸುಮಾರು 190 ಲೀಟರನ್ನು, ಕುದಿಯುವ ಬಿಂದುವಿಗೆ ತರುವಷ್ಟು ಶಾಖ ಅದು. ಗೇರ್ ಇಳಿಸಿ ಇಂಜಿನ್ನಿಗೆ ಒಪ್ಪಿಸದೆ ಎಲ್ಲವನ್ನೂ ಬ್ರೇಕಿಗೇ ಹೊರಿಸಿದರೆ ಆ ಶಾಖ ಬ್ರೇಕ್ ಆಯಿಲನ್ನು ಮುಟ್ಟುತ್ತದೆ. ಡಾಟ್-4 ಎಂಬ ದರ್ಜೆಯ ಹೊಸ ಆಯಿಲು 230 ಡಿಗ್ರಿಯವರೆಗೂ ಕುದಿಯಬಾರದು ಎಂಬುದು ನಿಯಮ. ಆದರೆ ಈ ದ್ರವಕ್ಕೆ ಮಳೆಗಾಲದ ಉಪ್ಪಿನ ಗುಣ. ಗಾಳಿಯ ತೇವವನ್ನು ರಬ್ಬರ್ ಕೊಳವೆಯ ಮೂಲಕವೂ ಎಳೆದುಕೊಳ್ಳುತ್ತದೆ. ಶೇಕಡಾ 3.7ರಷ್ಟು ನೀರು ಸೇರಿದರೆ ಅದೇ ದರ್ಜೆಯ ಆಯಿಲಿಗೆ ನಿಗದಿಯಾದ ಕನಿಷ್ಠ ಕುದಿಬಿಂದು 155 ಡಿಗ್ರಿ ಮಾತ್ರ. ಕುದಿದ ಕಡೆ ಆವಿಯ ಗುಳ್ಳೆ. ದ್ರವವನ್ನು ಒತ್ತಿದರೆ ಅದು ಒತ್ತಡವನ್ನು ಚಕ್ರಕ್ಕೆ ದಾಟಿಸುತ್ತದೆ, ಗುಳ್ಳೆಯನ್ನು ಒತ್ತಿದರೆ ಅದು ಕುಗ್ಗಿ ಸುಮ್ಮನಾಗುತ್ತದೆ. ಪೆಡಲ್ಲು ನೆಲ ಮುಟ್ಟಿದರೂ ಗಾಡಿ ನಿಲ್ಲುವುದಿಲ್ಲ. ಹತ್ತಿದ ಗೇರಿನಲ್ಲೇ ಇಳಿಯಬೇಕೆಂದು ನಮ್ಮ ಚಾರ್ಮಾಡಿ, ಆಗುಂಬೆಯ ಲಾರಿ ಚಾಲಕರು ಹೇಳುವುದು ಸ್ಟೆಲ್ವಿಯೊಗೂ ಅನ್ವಯ. ಅದನ್ನು ಮೀರಿದ ಚಾಲಕನದು ತಪ್ಪೇ. ಆದರೆ ಆಯಿಲಿಗೆ ನೀರು ಸೇರಿದ್ದು ಬೆಟ್ಟದ ಮೇಲಲ್ಲ, ಎರಡು ಮೂರು ಮಳೆಗಾಲ ಆಯಿಲು ಬದಲಿಸದೆ ನಿಲ್ಲಿಸಿಟ್ಟ ಶೆಡ್ಡಿನಲ್ಲಿ.

ನನಗೆ ಎಲ್ಲಕ್ಕಿಂತ ಸೋಜಿಗ ಎನಿಸುವುದು ಫ್ರಿಜ್ಜು. ಅನೇಕ ಮೋಟರ್‌ಹೋಮ್‌ಗಳಲ್ಲಿ ಗ್ಯಾಸ್ ಉರಿಯಿಂದಲೂ ನಡೆಯುವ ಫ್ರಿಜ್ಜು ಇರುತ್ತದೆ. ಬೆಂಕಿಯಿಂದ ತಂಪು ಮಾಡುವ ಈ ಯಂತ್ರವನ್ನು 1922ರಲ್ಲಿ ರೂಪಿಸಿದವರು ಸ್ಟಾಕ್‌ಹೋಮಿನ ಇಬ್ಬರು ವಿದ್ಯಾರ್ಥಿಗಳು, ಬಾಲ್ಟ್‌ಸರ್ ವಾನ್ ಪ್ಲಾಟನ್ ಮತ್ತು ಕಾರ್ಲ್ ಮುಂಟರ್ಸ್. ಇದರಲ್ಲಿ ತಿರುಗುವ ಒಂದು ಭಾಗವೂ ಇಲ್ಲ. ಅಮೋನಿಯಾ, ನೀರು, ಹೈಡ್ರೊಜನ್ ಮುಚ್ಚಿದ ಕೊಳವೆಯೊಳಗೆ ಸುತ್ತುತ್ತವೆ. ದ್ರವ ಮರಳಿ ಕೆಳಗೆ ಬರುವುದು ಬರೀ ಗುರುತ್ವದಿಂದ. ಗಾಡಿ ಓರೆಯಾಗಿ ನಿಂತರೆ ದ್ರವ ಎಲ್ಲೋ ಒಂದು ಬಾಗಿನಲ್ಲಿ ತಂಗುತ್ತದೆ, ಕುದಿಪಾತ್ರೆ ಒಣಗಿ ಸುಡುತ್ತದೆ, ತುಕ್ಕು ತಡೆಯಲು ಬೆರೆಸಿದ ಲವಣ ಗಟ್ಟಿಯಾಗಿ ಕೊಳವೆ ಕಟ್ಟಿಕೊಳ್ಳುತ್ತದೆ. ಗಾಡಿ ಓಡುವಾಗ ಇದಕ್ಕಿಂತ ಹೆಚ್ಚು ಓಲಾಡುತ್ತದಲ್ಲ ಎಂದು ಕೇಳಬಹುದು. ಓಲಾಡುತ್ತದೆ, ಆದರೆ ಒಂದು ಕಡೆಗೇ ವಾಲಿಕೊಂಡಿರುವುದಿಲ್ಲ. ಆಚೀಚೆ ತೂಗುವುದರಿಂದ ದ್ರವ ಹರಿಯುತ್ತಲೇ ಇರುತ್ತದೆ. ಓಟವನ್ನು ತಡೆದುಕೊಂಡು ನಿಲುಗಡೆಯಲ್ಲಿ ಸಾಯುವ ಯಂತ್ರಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಹಳೆ ಪ್ರವಾಸಿಗರು ಬೀಡುಬಿಟ್ಟ ಕೂಡಲೇ ಗಾರೆ ಕೆಲಸದವರ ಮಟ್ಟಗೋಲನ್ನು ನೆಲದ ಮೇಲಿಟ್ಟು, ಚಕ್ರದಡಿ ಬೆಣೆ ಕೊಟ್ಟು ಗಾಡಿಯನ್ನು ಸಮಮಾಡುವುದು ಬರೀ ನಿದ್ದೆಗಾಗಿ ಅಲ್ಲ.

ಹಾಗಾದರೆ ವಾರಕ್ಕೊಮ್ಮೆ ಹತ್ತು ನಿಮಿಷ ಇಂಜಿನ್ ಸ್ಟಾರ್ಟ್ ಮಾಡಿಟ್ಟರೆ ಸಾಕಲ್ಲವೇ? ಈ ಸಲಹೆ ಎಲ್ಲ ದೇಶಗಳಲ್ಲೂ ಇದೆ, ಎಲ್ಲೆಡೆಯೂ ಅರ್ಧಂಬರ್ಧ. ಒಂದು ಲೀಟರ್ ಡೀಸೆಲ್ ಉರಿದರೆ ಹೆಚ್ಚುಕಮ್ಮಿ ಒಂದು ಲೀಟರ್ ನೀರು ಹುಟ್ಟುತ್ತದೆ. ಬಿಸಿಯಾದ ಇಂಜಿನ್ನಿನಲ್ಲಿ ಅದು ಆವಿಯಾಗಿ ಹೊರಹೋಗುತ್ತದೆ. ತಣ್ಣಗಿನ ಸೈಲೆನ್ಸರಿನಲ್ಲಿ ಅಲ್ಲೇ ಕೂತು ತುಕ್ಕು ಹಿಡಿಸುತ್ತದೆ. ಈಗಿನ ಡೀಸೆಲ್ ಗಾಡಿಗಳಲ್ಲಿ ಮಸಿ ಹಿಡಿಯುವ ಫಿಲ್ಟರ್ ಇದೆ. ಅದು ತನ್ನನ್ನು ತಾನೇ ಸುಟ್ಟು ಶುಚಿಮಾಡಿಕೊಳ್ಳಲು 550 ಡಿಗ್ರಿಗೂ ಹೆಚ್ಚು ಬಿಸಿ ಬೇಕು, ನಿಂತಲ್ಲೇ ಗುಡುಗುಡು ಎನ್ನುವ ಇಂಜಿನ್ನಿಗೆ ಅಷ್ಟು ಬಿಸಿ ಬರುವುದಿಲ್ಲ. ಟೈರು ಉರುಳಲಿಲ್ಲ, ಬ್ರೇಕಿನ ಡಿಸ್ಕ್ ಉಜ್ಜಿಕೊಳ್ಳಲಿಲ್ಲ. ಸ್ಟಾರ್ಟರ್ ತಿಂದ ಚಾರ್ಜೂ ಪೂರ್ತಿ ಹಿಂತಿರುಗಿರಲಾರದು. ಮುಕ್ಕಾಲು ಗಂಟೆ ರಸ್ತೆಯಲ್ಲಿ ಓಡಿಸಿದರೆ ಮಾತ್ರ ಉಪಯೋಗ. ಅದಕ್ಕೆ 04–10ರ ನಂಬರ್ ಪ್ಲೇಟು ಬಿಡದಿದ್ದರೆ ಇಂಜಿನ್ ಬ್ಯಾಟರಿಗೂ ಸಣ್ಣ ಚಾರ್ಜರ್ ಕಟ್ಟಬೇಕು, ಟೈರಿಗೆ ಗಾಳಿ ಏರಿಸಿ ಬಿಸಿಲಿಗೆ ಮರೆ ಮಾಡಬೇಕು, ಆಗಾಗ ಒಂದಡಿ ಮುಂದೆ ಹಿಂದೆ ಸರಿಸಬೇಕು.

ಇಷ್ಟೆಲ್ಲ ಮಾಡದೆ ದಾರಿಯಲ್ಲಿ ಕೆಟ್ಟು ನಿಂತರೆ? ಬ್ಯಾಟರಿ ಸತ್ತಿದ್ದರೆ ಮತ್ತೊಂದು ಗಾಡಿಯಿಂದ ಜಂಪ್ ಕೊಡಬಹುದು. ಮೋಟರ್‌ಹೋಮ್‌ಗಳಿಗೆ ಅಡಿಪಾಯವಾಗಿ ಬಹಳ ಬಳಕೆಯಲ್ಲಿರುವ ಫಿಯೆಟ್ ಡುಕಾಟೊದಲ್ಲಿ ಬ್ಯಾಟರಿ ಇರುವುದು ಮುಂದಿನ ಎಡಸೀಟಿನವರ ಕಾಲಡಿಯ ನೆಲದೊಳಗೆ. ಬಾನೆಟ್ ತೆರೆದು ಹುಡುಕಿದರೆ ಸಿಗುವುದಿಲ್ಲ, ಕೇಬಲ್ ಸಿಕ್ಕಿಸಲು ಅಲ್ಲಿ ಬೇರೆಯೇ ಟರ್ಮಿನಲ್ ಕೊಟ್ಟಿದ್ದಾರೆ. ಕೆಂಪು ಕೇಬಲ್ಲನ್ನು ಎರಡೂ ಗಾಡಿಯ ಪ್ಲಸ್ಸಿಗೆ ಹಾಕಿ, ಕಪ್ಪನ್ನು ಒಳ್ಳೆಯ ಬ್ಯಾಟರಿಯ ಮೈನಸ್ಸಿಗೆ ಹಾಕಿ, ಕೊನೆಯ ತುದಿಯನ್ನು ಕೆಟ್ಟ ಗಾಡಿಯ ಇಂಜಿನ್ನಿನ ಬರಿಯ ಲೋಹಕ್ಕೆ ಕಚ್ಚಿಸಬೇಕು. ಕಿಡಿ ಹಾರುವುದು ಕೊನೆಯ ಜೋಡಣೆಯಲ್ಲಿ, ಬ್ಯಾಟರಿಯ ಬಳಿ ಹೈಡ್ರೊಜನ್ ಇರಬಹುದು. ಟೈರು ಹೋದರೆ ಕಷ್ಟ ಹೆಚ್ಚು: ಭಾರ ಉಳಿಸಲೆಂದು ಅನೇಕ ಹೊಸ ಗಾಡಿಗಳಿಗೆ ಸ್ಟೆಪ್ನಿಯನ್ನೇ ಕೊಡುವುದಿಲ್ಲ, ಅಂಟು ತುಂಬುವ ಡಬ್ಬಿ ಕೊಡುತ್ತಾರೆ. ಮೊಳೆ ಚುಚ್ಚಿದ ತೂತಿಗೆ ಅದು ಸರಿ, ಸೀಳಿದ ಪಕ್ಕೆಗೆ ಪ್ರಯೋಜನವಿಲ್ಲ. ಮೂರು ಮೀಟರ್ ಎತ್ತರದ ಮನೆಯನ್ನು ಎಲ್ಲ ಟೋಯಿಂಗ್ ಗಾಡಿಗಳೂ ಎಳೆಯಲಾರವು. ಕರೆ ಮಾಡುವಾಗ ಉದ್ದ, ಎತ್ತರ, ತೂಕ ಮೂರನ್ನೂ ಮೊದಲೇ ಹೇಳಬೇಕು. ಆದರೆ ಎಲ್ಲಕ್ಕಿಂತ ದೊಡ್ಡ ಅಪಾಯ ಈ ಗಾಡಿ ಮನೆಯಂತಿರುವುದೇ. ಹೆದ್ದಾರಿಯ ಅಂಚಿನಲ್ಲಿ ನಿಂತಾಗಲೂ ಒಳಗೆ ಕೂತು ಕಾಫಿ ಕಾಯಿಸೋಣ ಅನಿಸುತ್ತದೆ. ಆ ಗೋಡೆ ತೆಳು ಹಾಳೆಗಳ ನಡುವೆ ಫೋಮ್ ತುಂಬಿದ್ದು, ಹಿಂದಿನಿಂದ ಬರುವ ಲಾರಿಗೆ ಅದು ರಟ್ಟಿಗೆ ಸಮ. ಪ್ರತಿಫಲಿಸುವ ಜಾಕೆಟ್ ತೊಟ್ಟು, ತ್ರಿಕೋನವನ್ನು ಸಾಕಷ್ಟು ಹಿಂದೆ ಇಟ್ಟು, ಎಲ್ಲರೂ ತಡೆಬೇಲಿಯ ಆಚೆ ಹೋಗಿ ಕಾಯಬೇಕು.

ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಈ ತಿಳಿವಳಿಕೆ ಇನ್ನೂ ತಲುಪಿದಂತಿಲ್ಲ. ಹತ್ತು ವರ್ಷ ಹಳೆಯದು, ಬರೀ 20 ಸಾವಿರ ಕಿಲೋಮೀಟರ್ ಓಡಿದೆ ಎಂದರೆ ಅದು ಹೊಗಳಿಕೆ, ಬೆಲೆಯೂ ಜಾಸ್ತಿ. ಅದೇ ವಯಸ್ಸಿನಲ್ಲಿ ಒಂದು ಲಕ್ಷ ಕಿಲೋಮೀಟರ್ ಓಡಿ, ಸಕಾಲಕ್ಕೆ ಟೈರು, ಬ್ಯಾಟರಿ, ಬ್ರೇಕ್ ಆಯಿಲ್ ಬದಲಿಸಿಕೊಂಡ ಗಾಡಿಯೇ ದೂರದ ಪಯಣಕ್ಕೆ ಹೆಚ್ಚು ನೆಚ್ಚಬಹುದಾದ್ದು ಎಂಬುದು ನನ್ನ ಮತ. ಬೆಂಗಳೂರಿನ ಅಪಾರ್ಟ್‌ಮೆಂಟ್ ಬೇಸ್‌ಮೆಂಟುಗಳಲ್ಲಿ ಧೂಳು ಹೊದ್ದು ನಿಂತ, "ಕಮ್ಮಿ ಓಡಿಸಿದ" ಕಾರುಗಳ ಟೈರಿನ ಮೇಲೂ ಆ ನಾಲ್ಕು ಅಂಕಿ ಇದೆ. ಕೊಳ್ಳುವ ಮುನ್ನ ಮೊಬೈಲಿನ ಟಾರ್ಚ್ ಹಿಡಿದು ಬಗ್ಗಿ ಓದಿ.