ಗಣಕಯಂತ್ರವೂ ನೀರಿನ ಪಂಪೂ

ಗಣಕಯಂತ್ರವು ಸಂಕೇತ ಕಳುಹುವುದು 5 ವೋಲ್ಟಿನಲ್ಲಿ, ಕೆಲವೊಮ್ಮೆ ಅದಕ್ಕೂ ಕಡಿಮೆಯಲ್ಲಿ. ನೀರೆತ್ತುವ ಪಂಪಿಗೆ ಬೇಕಾದುದು 230 ವೋಲ್ಟು. ತೊಟ್ಟಿ ತುಂಬಿದೊಡನೆ ಗಣಕವೇ ಪಂಪನ್ನು ನಿಲ್ಲಿಸಬೇಕಾದರೆ ಇವೆರಡಕ್ಕೂ ಸಂಪರ್ಕವಿರಬೇಕು. ಆದರೆ ವಿದ್ಯುತ್ತು ಒಂದರಿಂದ ಇನ್ನೊಂದಕ್ಕೆ ದಾಟಕೂಡದು. ದಾಟಿತೆಂದರೆ ಯಂತ್ರ ಸುಡುವುದಷ್ಟೇ ಅಲ್ಲ, ಅದರ ಮೇಲೆ ಕೈಯಿಟ್ಟ ಮಗುವಿನ ಪ್ರಾಣಕ್ಕೂ ಅಪಾಯ.

ಇದಕ್ಕಾಗಿ ನಡುವೆ ಒಂದು ಸಣ್ಣ ವಿದ್ಯುತ್ ಹಲಗೆಯನ್ನು ಇಡುತ್ತಾರೆ. ಒಳಬರುವ ಸುದ್ದಿಯನ್ನು ಇದರಲ್ಲಿ ಬೆಳಕು ಒಯ್ಯುತ್ತದೆ. ತೊಟ್ಟಿಯ ತೇಲುಗುಂಡು ಮೇಲೇರಿ ಸ್ವಿಚ್ಚನ್ನು ಕೂಡಿಸಿದಾಗ, ಮುಚ್ಚಿದ ಬಿಲ್ಲೆಯೊಂದರೊಳಗೆ ಕಣ್ಣಿಗೆ ಕಾಣದ ಬೆಳಕಿನ ಪುಟ್ಟ ದೀಪವು ಹೊತ್ತುತ್ತದೆ; ಎದುರಿನ ಟ್ರಾನ್ಸಿಸ್ಟರು ಅದನ್ನು ಗ್ರಹಿಸಿ ಗಣಕಕ್ಕೆ ತಿಳಿಸುತ್ತದೆ. ನಡುವೆ ತಂತಿಯೇ ಇಲ್ಲ! ಹೊರಹೋಗುವ ಆಜ್ಞೆಯನ್ನು ಒಯ್ಯುವುದು ಅಯಸ್ಕಾಂತ ಶಕ್ತಿ. ರಿಲೇಯ ಸುರುಳಿಯಲ್ಲಿ ವಿದ್ಯುತ್ತು ಹರಿದಾಗ ಅದು ಕಬ್ಬಿಣದ ತುಂಡನ್ನು ಟಿಕ್ಕೆಂದು ಸೆಳೆದು ಬೇರೊಂದು ಮಂಡಲವನ್ನು ಕೂಡಿಸುತ್ತದೆ. 2013ರಲ್ಲಿ ನಮ್ಮ ದೇಶದಲ್ಲಿ ನಿಂತುಹೋದ ತಂತಿವಾರ್ತೆಯನ್ನು ಹಿಂದೆ ದೂರದೂರಕ್ಕೆ ಮುಟ್ಟಿಸುತ್ತಿದ್ದುದೂ ಇದೇ ತತ್ತ್ವವೇ.

ಜೋಡಿಸುವಾಗ ಹಲವರು ತೇಲುಗುಂಡಿನ 12 ವೋಲ್ಟಿನ ಋಣತಂತಿಯನ್ನೂ ಗಣಕದ ಋಣತಂತಿಯನ್ನೂ ಸೇರಿಸಿಬಿಡುತ್ತಾರೆ. ಆಗ ಹಲಗೆಯೇನೋ ಕೆಲಸ ಮಾಡುತ್ತದೆ, ರಕ್ಷಣೆ ಮಾತ್ರ ಉಳಿಯುವುದಿಲ್ಲ. ರಿಲೇಯ ಮೂರು ತುದಿಗಳಲ್ಲಿ ನಡುವಿನದನ್ನೂ, ಸಹಜವಾಗಿ ತೆರೆದಿರುವುದನ್ನೂ ಬಳಸಬೇಕು. ಗಣಕವು ಕೆಟ್ಟು ನಿಂತರೆ ಪಂಪೂ ನಿಲ್ಲುವುದು. ಮೇಲೆ 10 ಆಂಪಿಯರೆಂದು ಅಚ್ಚಾಗಿದ್ದರೂ ಪಂಪನ್ನು ನೇರವಾಗಿ ಜೋಡಿಸುವುದು ಸರಿಯಲ್ಲ. ಮೋಟಾರು ಹೊರಡುವಾಗ ಹಲವು ಪಟ್ಟು ವಿದ್ಯುತ್ತನ್ನು ಎಳೆಯುತ್ತದೆ. ರಿಲೇಯಿಂದ ಕಾಂಟಾಕ್ಟರನ್ನು, ಕಾಂಟಾಕ್ಟರಿನಿಂದ ಪಂಪನ್ನು ನಡೆಸಬೇಕು. 230 ವೋಲ್ಟಿನ ಜೋಡಣೆಯನ್ನು ಪರವಾನಗಿಯುಳ್ಳ ಎಲೆಕ್ಟ್ರಿಷಿಯನ್ನರೇ ಮಾಡಲಿ. ಮಕ್ಕಳು 12 ವೋಲ್ಟಿನ ಬಲ್ಬೊಂದನ್ನು ರಿಲೇಗೆ ಸೇರಿಸಿ ಪ್ರಯೋಗ ಮಾಡಿ ನೋಡಬಹುದು.