ಒಂಟಿ ಹಾರಾಟದ ಲೆಕ್ಕ

ಗರುಡಾಚಾರ್‌ಪಾಳ್ಯದಲ್ಲಿ ಮನೆ ಮಾಡಿದವರಿಗೆ ವಿಮಾನದ ಸದ್ದು ಹೊಸದಲ್ಲ. 2008ರ ಮೇ ತಿಂಗಳಲ್ಲಿ ಪ್ರಯಾಣಿಕರ ವಿಮಾನಗಳು ದೇವನಹಳ್ಳಿಗೆ ಹೋದ ಮೇಲೂ ಎಚ್‌ಎಎಲ್ ಕಡೆಯ ಮೊರೆತ ನಮ್ಮ ಕಿವಿಗೆ ಬೀಳುತ್ತಲೇ ಇದೆ. ಹಳಗನ್ನಡ ಪಾಠ ಹೇಳಿ ನಿವೃತ್ತನಾದ ನಾನು ವಿಮಾನ ನಡೆಸಿದವನಲ್ಲ. ಆದರೂ ಈ ವಿಷಯ ಕುರಿತು ಮಾತನಾಡಲು ಕಾರಣಳಾದವಳು, ವಿಮಾನಚಾಲನೆ ಕಲಿಯುತ್ತಿರುವ ನೆರೆಮನೆಯ ಹುಡುಗಿ. ಆಕೆ ದೂರದ ಊರಿಗೆ ಒಬ್ಬಳೇ ಹಾರಬೇಕಾಗಿ ಬಂದಾಗ ಅವಳ ತಾಯಿ ನಮ್ಮಲ್ಲಿಗೆ ಬಂದು, "ಮೇಷ್ಟ್ರೇ, ಪಕ್ಕದಲ್ಲಿ ಕಲಿಸುವವರೂ ಇರುವುದಿಲ್ಲವಂತೆ. ನೀವಾದರೂ ಒಂದು ಮಾತು ಹೇಳಿ" ಎಂದರು. ಬುದ್ಧಿ ಹೇಳಲು ಹೋದ ನಾನು ಪಾಠ ಹೇಳಿಸಿಕೊಂಡು ಬಂದೆ.

ವಿಮಾನಚಾಲನೆಯನ್ನು ವೃತ್ತಿಯಾಗಿ ಹಿಡಿಯಲು ಲೈಸೆನ್ಸ್ ಬಯಸುವವರು ನಮ್ಮ ದೇಶದ ನಿಯಮದಂತೆ 200 ಗಂಟೆ ಹಾರಿರಬೇಕು. ಅದರಲ್ಲಿ ಕನಿಷ್ಠ 300 ನಾಟಿಕಲ್ ಮೈಲಿಯ, ಎಂದರೆ ಸುಮಾರು 555 ಕಿಲೋಮೀಟರಿನ, ದಾರಿಯಲ್ಲಿ ಬೇರೆ ಎರಡು ನಿಲ್ದಾಣಗಳಲ್ಲಿ ಇಳಿದು ಮುಂದುವರಿಯುವ ಒಂದು ಯಾನವಿರಬೇಕು. ಅದರ ಅರ್ಧ ಕೆಲಸ ನಡೆಯುವುದು ನೆಲದ ಮೇಲೆ, ಮೇಜಿನ ಮುಂದೆ.

ಉದಾಹರಣೆಗೆ, ಜಕ್ಕೂರಿನಿಂದ ಮೈಸೂರಿನ ಮಂಡಕಳ್ಳಿಗೆ ನೇರವಾಗಿ ಸುಮಾರು 75 ನಾಟಿಕಲ್ ಮೈಲಿ. ಗಂಟೆಗೆ 100 ನಾಟಿಕಲ್ ಮೈಲಿ ಹೋಗುವ ಪುಟ್ಟ ವಿಮಾನಕ್ಕೆ 45 ನಿಮಿಷದ ದಾರಿ. ಆದರೆ ಇದು ಗಾಳಿಯಿಲ್ಲದ ದಿನದ ಲೆಕ್ಕ. ಆಷಾಢದಲ್ಲಿ ಪಡುವಣದಿಂದ 30 ನಾಟಿಕಲ್ ಮೈಲಿ ವೇಗದ ಗಾಳಿ ಬೀಸುತ್ತಿದೆ ಎನ್ನಿ. ವಿಮಾನದ ಮೂತಿಯನ್ನು ಮೈಸೂರಿನ ದಿಕ್ಕಿಗೇ ನೆಟ್ಟು ಕುಳಿತವರು ಗಂಟೆಯ ಕೊನೆಗೆ ಮೈಸೂರನ್ನು ಕಾಣುವುದಿಲ್ಲ, ಚಾಮರಾಜನಗರದ ಸಮೀಪದಲ್ಲಿರುತ್ತಾರೆ. ಅದರಾಚೆ ಬಿಳಿಗಿರಿರಂಗನ ಬೆಟ್ಟಸಾಲು. ಕಾವೇರಿಯಲ್ಲಿ ಹರಿಗೋಲು ಹಾಕುವ ಅಂಬಿಗ ಎದುರು ದಡವನ್ನು ಸೇರಲು ಹೊಳೆಯ ಮೇಲ್ಮುಖವಾಗಿ ಹುಟ್ಟು ಹಾಕುವುದಿಲ್ಲವೇ? ಹಾಗೆಯೇ ಚಾಲಕಿಯೂ ಸುಮಾರು 12 ಡಿಗ್ರಿಯಷ್ಟು ಬಲಕ್ಕೆ, ಗಾಳಿಯ ಕಡೆಗೆ, ತಿರುಗಿ ಹಾರಬೇಕು. ಆಗ ದಾರಿ ತಪ್ಪದು. ಆದರೆ 45 ನಿಮಿಷ ಸುಮಾರು ಒಂದು ಗಂಟೆಯಾಗುತ್ತದೆ. ವೇಳೆ ಬೆಳೆದರೆ ಇಂಧನವೂ ಹೆಚ್ಚು ಬೇಕು. ಗುರಿ ತಲುಪಲು ಬೇಕಾದಷ್ಟು, ಅಲ್ಲಿ ಇಳಿಯಲಾಗದಿದ್ದರೆ ಬೇರೊಂದು ನಿಲ್ದಾಣಕ್ಕೆ ಹೋಗುವಷ್ಟು, ಅದರ ಮೇಲೆ ಆಪತ್ತಿಗೆಂದು ಒಂದಷ್ಟು: ಹೀಗೆ ಮೂರು ಪಾಲು.

ಆಮೇಲೆ ಗುರುತುಗಳು. ರಾಮನಗರದ ಬಂಡೆಗಳು, ಮದ್ದೂರಿನ ಬಳಿ ಶಿಂಷಾ, ಶ್ರೀರಂಗಪಟ್ಟಣದ ದ್ವೀಪ, ಚಾಮುಂಡಿಬೆಟ್ಟ; ಪ್ರತಿಯೊಂದರ ಎದುರಿಗೂ ತಲುಪಬೇಕಾದ ನಿಮಿಷ. ಉಪಗ್ರಹಗಳು ದಾರಿ ತೋರುವ ಈ ಕಾಲದಲ್ಲೂ ಈ ಲೆಕ್ಕವನ್ನು ಕಲಿಸುತ್ತಾರೆ. ಯಂತ್ರ ಮೌನವಾದರೆ ಉಳಿಯುವುದು ನಕ್ಷೆ, ಗಡಿಯಾರ, ದಿಕ್ಸೂಚಿಗಳೇ.

ಎಲ್ಲವನ್ನೂ ಮುಂಗಾಣುವುದು ಸಾಧ್ಯವಿಲ್ಲ, ನಿಜ. ಇಂಗ್ಲೆಂಡ್–ಭಾರತಗಳ ನಡುವೆ ಒಂಟಿಯಾಗಿ ಹಾರುವ ಮೊದಲ ಭಾರತೀಯನಿಗೆಂದು ಆಗಾಖಾನರು ಇಟ್ಟ ಬಹುಮಾನಕ್ಕಾಗಿ 1930ರಲ್ಲಿ ಹೊರಟ ಹದಿನೇಳರ ಆಸ್ಪಿ ಇಂಜಿನಿಯರ್, ಈಜಿಪ್ಟಿನ ಅಬೂಕಿರ್‌ನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲದೆ ನಿಂತಿದ್ದ. ಎದುರು ದಿಕ್ಕಿನಿಂದ ಬಂದ ಪ್ರತಿಸ್ಪರ್ಧಿ ಜೆ. ಆರ್. ಡಿ. ಟಾಟಾ ತಮ್ಮಲ್ಲಿದ್ದ ಹೆಚ್ಚಿನ ಪ್ಲಗ್‌ಗಳನ್ನು ಕೊಟ್ಟರು. ಬಹುಮಾನ ಆಸ್ಪಿಗೆ ಸಂದಿತು. ಮುಂದೆ ನಮ್ಮ ನೆರೆಯ ಎಚ್‌ಎಎಲ್ ಕಾರ್ಖಾನೆಯನ್ನು ನಡೆಸಿ, 1960ರಲ್ಲಿ ವಾಯುಪಡೆಯ ಮುಖ್ಯಸ್ಥರಾದವರು ಅವರೇ.

ಹುಡುಗಿಯ ನಕ್ಷೆಯಲ್ಲಿ ನನ್ನ ಕಣ್ಣು ನಿಂತದ್ದು ಒಂದು ಕೆಂಪು ಗೆರೆಯ ಮೇಲೆ. "ಇಲ್ಲಿಗೆ ಬಂದಾಗ ಮುಂದಿನ ಬೆಟ್ಟ ಕಾಣದಿದ್ದರೆ ಹಿಂದಿರುಗಬೇಕು, ಸರ್" ಎಂದಳು. ಅದನ್ನು ಈಗಲೇ ಏಕೆ ತೀರ್ಮಾನಿಸಬೇಕೆಂದು ಕೇಳಿದೆ. "ಮೇಲೆ ಹೋದಮೇಲೆ ತಲುಪುವ ಆಸೆಯೇ ಹೆಚ್ಚಾಗಿರುತ್ತದೆ. ಆಗ ಮನಸ್ಸು ಮೋಡವನ್ನೂ ತೆಳುವಾಗಿ ಕಾಣುತ್ತದೆ." ನಲವತ್ತು ವರ್ಷ ಕಾವ್ಯ ಪಾಠ ಮಾಡಿದ ನನಗೆ ಇದು ಹೊಳೆದಿರಲಿಲ್ಲ.

ಮೊದಲ ಸಲ ಅವಳು ಆ ಗೆರೆಯಿಂದಲೇ ಹಿಂದಿರುಗಿದಳು. ಎರಡು ದಿನ ಯಾರ ಮುಖವನ್ನೂ ನೋಡಲಿಲ್ಲ. ತಾಯಿ ಮಾತ್ರ ಅಂದು ರಾತ್ರಿ ನೆಮ್ಮದಿಯಾಗಿ ನಿದ್ದೆ ಮಾಡಿದರಂತೆ. ಮುಂದಿನ ವಾರ ಆಕಾಶ ತಿಳಿಯಾಗಿತ್ತು, ಹೋಗಿ ಬಂದಳು. ಈಗ ಮಗಳು ನಕ್ಷೆ ಹಾಸಿ ಕುಳಿತರೆ ಆ ತಾಯಿ ಹೋಗಬೇಡವೆನ್ನುವುದಿಲ್ಲ, "ಕೆಂಪು ಗೆರೆ ಎಲ್ಲಿ ಹಾಕಿದ್ದೀಯೆ?" ಎಂದಷ್ಟೇ ಕೇಳುತ್ತಾರೆ.