ಗಣಿಯೊಂದಿಗೆ ಮುಗಿದ ಊರು

ಕಾರ್ಕಳದಿಂದ ಮಾಳ ಘಾಟಿ ಹತ್ತಿ ಎಸ್‌.ಕೆ. ಬಾರ್ಡರ್‌ನಲ್ಲಿ ಶೃಂಗೇರಿ ರಸ್ತೆ ಬಿಟ್ಟು ಕಳಸದ ಕಡೆ ತಿರುಗಿದರೆ ದಾರಿಯುದ್ದಕ್ಕೂ ಶೋಲಾ ಕಾಡು, ಹುಲ್ಲುಗಾವಲಿನ ಗುಡ್ಡಗಳು. ಗಂಗಾಮೂಲ ದಾಟಿದ ಮೇಲೆ, ಭದ್ರಾ ನದಿಯ ಪಕ್ಕದಲ್ಲಿ ಸಾಲುಸಾಲು ಕ್ವಾರ್ಟರ್ಸ್‌ಗಳು ಕಾಣಿಸುತ್ತವೆ. ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖ ಟೌನ್‌ಶಿಪ್ ಇದೇ. ನಾನು ಶಾಲೆಗೆ ಹೋದದ್ದು, ಸೈಕಲ್ ಕಲಿತದ್ದು ಇಲ್ಲಿ. ಇಷ್ಟು ವರ್ಷಗಳ ನಂತರ ಮತ್ತೆ ಹೋದದ್ದು ಕ್ಯಾಮೆರಾ ಜೊತೆ, ಮನೆಯ ಹಳೇ ಆಲ್ಬಮ್ ಇಟ್ಟುಕೊಂಡು.

ಈ ಗುಡ್ಡಗಳಲ್ಲಿ ಕಬ್ಬಿಣದ ಅದಿರು ಇದೆಯೆಂದು ಭೂವಿಜ್ಞಾನಿ ಸಂಪತ್ ಅಯ್ಯಂಗಾರ್ ಗುರುತಿಸಿದ್ದು 1913ರಲ್ಲಿ. ಗಣಿಗಾರಿಕೆಗೆ ಕಂಪನಿ ಹುಟ್ಟಿದ್ದು 1976ರಲ್ಲಿ. ಬಂಡವಾಳಕ್ಕೆ ಸಾಲ ಕೊಟ್ಟು, ಅದಿರನ್ನೂ ಕೊಳ್ಳುವುದಾಗಿ ಒಪ್ಪಿದ್ದು ಇರಾನ್. ಗಣಿ ಸಜ್ಜಾಗುವಷ್ಟರಲ್ಲಿ 1979ರ ಕ್ರಾಂತಿಯಾಗಿ ಷಾ ಆಡಳಿತ ಉರುಳಿತು, ಕೊಳ್ಳುವವರೇ ಇಲ್ಲದಾದರು. ಕಂಪನಿ ಬೇರೆ ದೇಶಗಳ ಮಾರುಕಟ್ಟೆ ಹುಡುಕಿ, ಮಂಗಳೂರಿನಲ್ಲಿ ಪೆಲೆಟ್ ಕಾರ್ಖಾನೆ ಕಟ್ಟಿ ಬದುಕಿಕೊಂಡಿತು.

ಇಲ್ಲಿನ ಮ್ಯಾಗ್ನಟೈಟ್ ಅದಿರಿನಲ್ಲಿ ಕಬ್ಬಿಣದ ಅಂಶ ಕಡಿಮೆ. ಹಾಗಾಗಿ ಕಲ್ಲನ್ನು ಅರೆದು, ಆಯಸ್ಕಾಂತದಿಂದ ಕಬ್ಬಿಣ ಬೇರ್ಪಡಿಸಿ, ನೀರಿನಲ್ಲಿ ಕಲಸಿ, 67 ಕಿ.ಮೀ. ಕೊಳವೆಯಲ್ಲಿ ಘಟ್ಟದ ಕೆಳಗೆ ಮಂಗಳೂರಿಗೆ ಹರಿಸುತ್ತಿದ್ದರು. ಉಳಿದ ಕೆಸರು ಲಕ್ಯಾ ಅಣೆಕಟ್ಟಿನ ಹಿಂದೆ ತುಂಬಿಕೊಳ್ಳುತ್ತಿತ್ತು. ಅಪ್ಪ ನೈಟ್ ಶಿಫ್ಟ್ ಮುಗಿಸಿ ಬಂದಾಗ ಬೂಟಿನಲ್ಲಿ ಅಂಟಿರುತ್ತಿದ್ದ ಕರಿಪುಡಿ ಅದೇ ಅದಿರಿನದು.

ಮನೆ, ನೀರು, ಕರೆಂಟು, ಆಸ್ಪತ್ರೆ, ಶಾಲೆ ಎಲ್ಲವನ್ನೂ ಕಂಪನಿ ಕೊಟ್ಟಿತ್ತು. ಕನ್ನಡ, ತುಳು, ತಮಿಳು, ತೆಲುಗು, ಹಿಂದಿ ಒಂದೇ ಬೀದಿಯಲ್ಲಿ ಕೇಳಿಸುತ್ತಿದ್ದವು. ಮಳೆಗಾಲದಲ್ಲಿ ಶಾಲೆಯ ಯೂನಿಫಾರ್ಮ್ ವಾರವಾದರೂ ಒಣಗುತ್ತಿರಲಿಲ್ಲ. ಯಾರಿಗೂ ಸ್ವಂತ ಮನೆಯಿರಲಿಲ್ಲ. ನಿವೃತ್ತಿಯಾದ ದಿನ ಬೀಗದ ಕೈ ಒಪ್ಪಿಸಿ ಇಳಿಯಬೇಕಿತ್ತು. ಹಾಗಿದ್ದರೂ ಅದನ್ನೇ ಊರು ಎಂದುಕೊಂಡು ಮಕ್ಕಳು ಬೆಳೆದರು.

1987ರಲ್ಲಿ ಸುತ್ತಲಿನ ಕಾಡು ಕುದುರೆಮುಖ ರಾಷ್ಟ್ರೀಯ ಉದ್ಯಾನವಾಯಿತು. ಸಿಂಗಳೀಕಗಳ ನೆಲೆ, ಭದ್ರೆಗೆ ಸೇರುವ ಹೂಳು, ಗುಡ್ಡದ ಮೇಲಿನ ಗಾಯ ಇವೆಲ್ಲ ಚರ್ಚೆಗೆ ಬಂದವು. ನಾಗರಹೊಳೆಯಲ್ಲಿ ಅರಣ್ಯಾಧಿಕಾರಿಯಾಗಿದ್ದ ಕೆ.ಎಂ. ಚಿನ್ನಪ್ಪ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. 2002ರ ಅಕ್ಟೋಬರ್ 30ರಂದು ಗಣಿ ನಿಲ್ಲಿಸಬೇಕೆಂಬ ತೀರ್ಪು ಬಂತು. 2005 ಮುಗಿಯುತ್ತಿದ್ದಂತೆ ಗಣಿ ನಿಂತಿತು. ಸಂಬಳ ಹೋದ ಮೇಲೆ ಅಂಗಡಿ ನಡೆಯಲಿಲ್ಲ, ಮಕ್ಕಳಿಲ್ಲದ ಮೇಲೆ ಶಾಲೆ ಉಳಿಯಲಿಲ್ಲ.

ಈಗ ಬಹುಪಾಲು ಕ್ವಾರ್ಟರ್ಸ್ ಖಾಲಿ. ಗೋಡೆಗೆ ಪಾಚಿ, ಅಂಗಳದಲ್ಲಿ ಪೊದೆ. ಹಳೇ ಫೋಟೊ ತೆಗೆದ ಜಾಗದಲ್ಲೇ ನಿಂತು ಹೊಸದನ್ನು ತೆಗೆಯೋಣವೆಂದರೆ ಬೀದಿಯ ಗುರುತುಗಳು ಸಿಗುವುದಿಲ್ಲ. ಅಂದು ಮಕ್ಕಳ ಹಿಂದೆ ಸಸಿಯಾಗಿದ್ದ ಮರ ಇಂದು ಇಡೀ ಮನೆಯನ್ನು ಮುಚ್ಚಿದೆ. ಕೊನೆಗೆ ನೆರವಾಗುವುದು ಹಿನ್ನೆಲೆಯ ಗುಡ್ಡಗಳ ಅಂಚು ಮಾತ್ರ. ಗಣಿಯ ಮೆಟ್ಟಿಲುಗಳ ಮೇಲೂ ಹಸಿರು ಹತ್ತಿದೆ, ಆದರೆ ಕಡಿದ ಗುಡ್ಡ ಮೊದಲಿನ ಆಕಾರಕ್ಕೆ ಬರುವುದಿಲ್ಲ.

ಫೋಟೊಗೆ ಹೋಗುವವರು ಮಳೆ ಬಿಟ್ಟ ಮೇಲೆ, ಬೆಳಗ್ಗೆ ಮಂಜು ಸರಿಯುವ ಹೊತ್ತಿಗೆ ಹೋಗುವುದು ಒಳ್ಳೆಯದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಲೆನ್ಸ್ ಒರೆಸುವುದರಲ್ಲೇ ದಿನ ಕಳೆಯುತ್ತದೆ. ಇದು ರಾಷ್ಟ್ರೀಯ ಉದ್ಯಾನದ ದಾರಿ, ಅನುಮತಿಯಿಲ್ಲದೆ ಕಾಡಿಗಾಗಲಿ ಬೀಗ ಹಾಕಿದ ಕಟ್ಟಡಕ್ಕಾಗಲಿ ನುಗ್ಗಬಾರದು.

ಗಣಿ ನಿಂತದ್ದು ಸರಿ. ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವ ಮಲೆಯಲ್ಲಿ ಅದಿರು ಅಗೆಯುವುದು ಎಂದಾದರೂ ನಿಲ್ಲಲೇಬೇಕಿತ್ತು. ಆದರೆ ಕಾಡಿನ ಪರವಾಗಿ ವಾದಿಸಿದ ಕಡತಗಳಿವೆ, ಕಂಪನಿಯ ಲೆಕ್ಕಪುಸ್ತಕಗಳಿವೆ, ಅಲ್ಲಿ ಸಂಸಾರ ಹೂಡಿದ್ದವರ ದಾಖಲೆ ಮಾತ್ರ ಎಲ್ಲೆಲ್ಲೋ ಚದುರಿದೆ. ಟೌನ್‌ಶಿಪ್ಪಿನಲ್ಲಿ ಬಾಳಿದವರು ಮನೆಯ ಆಲ್ಬಮ್ ತೆಗೆದು ಕೂರಿ. ಯಾವ ಬೀದಿ, ಯಾವ ವರ್ಷ, ಪಕ್ಕದಲ್ಲಿ ನಿಂತವರು ಯಾರು ಎಂದು ಹಿರಿಯರನ್ನು ಈಗಲೇ ಕೇಳಿ, ಪ್ರತಿ ಫೋಟೊದ ಹಿಂದೆ ಪೆನ್ಸಿಲ್‌ನಲ್ಲಿ ಬರೆದಿಡಿ.